ನೆರಿಗೆ ಮುಚ್ಚದ ಜಾಕೆಟ್

“ಇದರ ಮೇಲೆ ಏನು ಹಾಕ್ಕೊಳ್ಳೋದು ಈಗ?”

ಕೇಳಿದವನು ಲಾಕ್ಲನ್. ಉತ್ತರ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಸೊಂಟಕ್ಕೆ ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಕಿಲ್ಟ್ ಉಟ್ಟು, ಮೇಲೆ ಬರೀ ಬನಿಯನ್ನಿನಲ್ಲಿ ಕನ್ನಡಿಯ ಮುಂದೆ ನಿಂತು ಅವನು ಕೇಳಿದ ಮಾತು ಗೋಡೆ ಗಡಿಯಾರದ ಟಿಕ್ ಟಿಕ್‌ನೊಳಗೆ ಸೇರಿಹೋಯಿತು. ಕಿಟಕಿಯಾಚೆ, ನೆಲದೊಳಕ್ಕೆ ಚಾಚಿದ ಕಡಲಿನ ಖಾರಿ ಜನವರಿಯ ಚಳಿಗೆ ಸೀಸದ ಬಣ್ಣಕ್ಕೆ ತಿರುಗಿತ್ತು. ಶನಿವಾರ ಅದರ ದಂಡೆಯ ಮೇಲೇ ಮಗಳು ಊನಾಳ ಮದುವೆ. ಇವತ್ತು ಬುಧವಾರ.

ಮಂಚದ ಮೇಲೆ ಎರಡು ಜಾಕೆಟ್ ಬಿದ್ದಿದ್ದವು. ಒಂದು ಬೆಳ್ಳಿ ಗುಂಡಿಯ ಕರಿ ಜಾಕೆಟ್. ಅದು ಬೇಡವೆಂದು ಊನಾ ಮೊದಲೇ ಹೇಳಿದ್ದಳು. ಯಾರೂ ಠಾಕುಠೀಕಾಗಿ ಬರುವ ಮದುವೆ ಅಲ್ಲ, ಎಲ್ಲರೂ ಸಾದಾ ಉಡುಪಿನಲ್ಲಿ, ಬೆಚ್ಚಗೆ ಬರಬೇಕು. ಇನ್ನೊಂದು ಮಳೆಯಲ್ಲೂ ಕುರಿ ಮೇಯಿಸುವಾಗಲೂ ಹಾಕುವ ಹಸಿರು ಕೋಟು. ಅದನ್ನು ಹಾಕಿ ನೋಡಿದ. ತೊಡೆಯ ಅರ್ಧದವರೆಗೆ ಇಳಿಯಿತು. ಕೆಳಗೆ ಕಿಲ್ಟಿನ ಒಂದು ಗೇಣು ಅಂಚು ಮಾತ್ರ ಇಣುಕಿತು. ಯಾರದೋ ಅತ್ತೆಯ ಲಂಗ ಎರವಲು ತಂದು ಉಟ್ಟ ಹಾಗೆ.

ಅವನ ಹೆಂಡತಿ ಪೆಗಿ ಇದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಶನಿವಾರ ಸಂಜೆ ಭಾನುವಾರದ ಬಟ್ಟೆ ಮಂಚದ ಮೇಲೆ ತಾನಾಗಿ ಬಂದು ಕೂರುತ್ತಿತ್ತು, ಅವನು ಹಾಕಿಕೊಳ್ಳುತ್ತಿದ್ದ, ಅಷ್ಟೇ. ಚರ್ಚಿನಲ್ಲಿ ಕೀರ್ತನೆಯ ಸಾಲನ್ನು ಮೊದಲು ಎತ್ತಿಕೊಡುವವನು ಲಾಕ್ಲನ್. ಅವನು ಒಂದು ಸಾಲು ಎತ್ತಿದರೆ ಸಭೆಯೆಲ್ಲ ಅದನ್ನೇ ಹಿಡಿದು, ಎಳೆದು, ಅಲೆಯ ಮೇಲೆ ಅಲೆ ಬಂದಂತೆ ಹಾಡುತ್ತಿತ್ತು. ಮನೆಯಲ್ಲಿ ಮಾತ್ರ ಸಾಲು ಎತ್ತಿಕೊಡುತ್ತಿದ್ದವಳು ಪೆಗಿ. ಅವಳು ಹೋಗಿ ಎರಡು ವರ್ಷ.

ಮೂವತ್ತು ವರ್ಷ ಅವಳು ಮುಂಗೋಣೆಯ ಕಿಟಕಿಯ ಹತ್ತಿರ ಕೂತು ಕಿಲ್ಟ್ ಹೊಲಿದಿದ್ದಳು. ಎಂಟು ಗಜ ಉಣ್ಣೆಯ ಬಟ್ಟೆ, ಒಂದೊಂದು ನೆರಿಗೆಯೂ ಸೂಜಿಯಲ್ಲಿ, ಮಡಚಿದ ಮೇಲೂ ಚೌಕುಳಿ ಒಂದು ಎಳೆ ಆಚೀಚೆ ಆಗದಂತೆ. ಗಿರಾಕಿಗಳಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: “ಕಿಲ್ಟಿನ ಕೆಲಸ ಇರೋದು ಬೆನ್ನ ಕೆಳಗೆ. ಅದನ್ನ ಮುಚ್ಚೋರು ಪ್ಯಾಂಟ್ ಹಾಕ್ಕೊಳ್ಳಲಿ.” ಕೊನೆಗೆ ಹೊಲಿದದ್ದು ಲಾಕ್ಲನ್‌ಗೆ. ಆಗ ಊನಾಳಿಗೆ ಹುಡುಗ ಅಂತ ಯಾರೂ ಇರಲಿಲ್ಲ. ಆದರೂ ಪೆಗಿ ದಾರ ಕಚ್ಚಿ ಕಡಿದು, “ಇದು ಅವಳ ಮದುವೆಗೆ” ಎಂದಿದ್ದಳು. ಅಲ್ಲಿಯವರೆಗೆ ಉಡಬೇಡ ಎಂದೂ ಹೇಳಿದ್ದಳು. ಅವನು ಉಟ್ಟಿರಲಿಲ್ಲ. ಆ ನೆರಿಗೆ ಶನಿವಾರ ಕಾಣಬೇಕು. ಬೇರೆ ಏನು ಹಾಳಾದರೂ ಅದೊಂದು ಕಾಣಬೇಕು.

ಮಗಳಿಗೆ ಫೋನ್ ಮಾಡಿದ.

“ಸಾದಾ ಅಂದ್ರೆ ಎಷ್ಟು ಸಾದಾ ಊನಾ?”

“ಸಾದಾ ಅಂದ್ರೆ ಸಾದಾ ಅಪ್ಪ. ಇದರಲ್ಲೇನು ಅಳತೆ?”

“ಕುರಿ ಮೇಯಿಸೋ ಅಷ್ಟು ಸಾದಾನಾ, ಪೋಸ್ಟಾಫೀಸಿಗೆ ಹೋಗೋ ಅಷ್ಟಾ?”

ಊನಾ ನಕ್ಕಳು. “ಅಮ್ಮ ಹೆಣೆದ ಬೂದು ಜಾಕೆಟ್ ಇದೆಯಲ್ಲ, ಕೊಂಬಿನ ಗುಂಡೀದು? ಅದನ್ನೇ ಹಾಕ್ಕೊ. ಎಲ್ಲಿದೆ ಅದು?”

ಲಾಕ್ಲನ್ ಗಡಿಯಾರದ ಕಡೆ ನೋಡಿದ. “ಅದು... ಉದ್ದ ಆಗುತ್ತೆ ಮಗಾ. ನೆರಿಗೆ ಮುಚ್ಚಿಹೋಗುತ್ತೆ.”

ಫೋನ್ ಇಟ್ಟ ಮೇಲೆ ಅವನ ಕಿವಿ ಬಿಸಿಯಾಯಿತು. ಎರಡು ವರ್ಷದ ಹಿಂದೆ ಈ ಮಾತು ನಿಜವಾಗಿತ್ತು. ಈಗ ಸುಳ್ಳು.

ಗುರುವಾರ ಕಾರು ತೆಗೆದುಕೊಂಡು ಇನ್ವರ್ನೆಸ್ ಪೇಟೆಗೆ ಹೋದ. ಕಿಲ್ಟಿನ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಜಾಕೆಟ್. ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ಒಬ್ಬಾತ ಹತ್ತಿರ ಬಂದು ಒಂದೊಂದನ್ನೇ ಇಳಿಸಿದ.

“ಇದು ಹಗಲಿಗೆ ಸರ್. ಇದು ಸಂಜೆಗೆ. ಇದು ಹಗಲೂ ಅಲ್ಲ ಸಂಜೆಯೂ ಅಲ್ಲ, ಎರಡಕ್ಕೂ ನಡೆಯುತ್ತೆ. ಮದುವೆ ಎಷ್ಟು ಗಂಟೆಗೆ?”

“ಎರಡೂವರೆಗೆ.”

“ಜನವರಿಯಲ್ಲಿ ಎರಡೂವರೆ ಅಂದ್ರೆ...” ನಾಲ್ಕಕ್ಕೆಲ್ಲ ಕತ್ತಲಾಗುವ ಕಾಲ; ಆತ ಕಿಟಕಿಯ ಕಡೆ ನೋಡಿದ. ಅವನಿಗೂ ಅದು ಹಗಲೋ ಸಂಜೆಯೋ ತಿಳಿಯಲಿಲ್ಲ. “ವೇಸ್ಟ್‌ಕೋಟ್ ಒಳಗೆ ಇರುತ್ತಾ? ಇದ್ರೆ ಬೆಲ್ಟ್ ಹಾಕೋ ಹಾಗಿಲ್ಲ. ಬೆಲ್ಟ್ ಹಾಕಿದ್ರೆ ಜಾಕೆಟ್ ತೆರೆದಿರಬೇಕು. ತೆರೆದಿದ್ರೆ ಚಳಿ.”

“ಬೆಚ್ಚಗಿರೋದು ಯಾವುದು?”

“ಬೆಚ್ಚಗಿರೋದು ಉದ್ದ ಇರುತ್ತೆ ಸರ್. ಗಿಡ್ಡ ಇರೋದು ಬೆಚ್ಚಗಿರಲ್ಲ.”

ಒರಟು ಟ್ವೀಡ್ ಉಣ್ಣೆಯದೊಂದು ಹಾಕಿ ನೋಡಿದ. ಚೆನ್ನಾಗಿಯೇ ಇತ್ತು. ಆದರೆ ಕನ್ನಡಿಯಲ್ಲಿ ನಿಂತವನು ತಾನಲ್ಲ, ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರದ ಸಾಹುಕಾರ ಎನ್ನಿಸಿತು. ಹಿಂದೆ ಹೇಗೆ ಕಾಣುತ್ತದೆಂದು ಕತ್ತು ತಿರುಗಿಸಿದ. ಕತ್ತಿನ ಜೊತೆ ಮೈಯೂ ತಿರುಗಿತು, ಬೆನ್ನು ಮತ್ತೆ ಹಿಂದಕ್ಕೇ ಹೋಯಿತು. ಅಂಗಡಿಯವನು ಮತ್ತೆ ಮೂರು ಇಳಿಸಿದ. ಕೊನೆಗೆ ಲಾಕ್ಲನ್ ಒಂದು ಜೊತೆ ಕಾಲುಚೀಲ ಕೊಂಡು ಮನೆಗೆ ಬಂದ. ಅವನಿಗೆ ಕಾಲುಚೀಲ ಬೇಕೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಎಫಿ ಬಾಗಿಲು ತಟ್ಟದೆ ಒಳಗೆ ಬಂದಳು. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳ ನಾಲಗೆಗೆ ಅಂದಿನಿಂದಲೂ ಲಗಾಮಿಲ್ಲ. ಕೈಯಲ್ಲಿ ಕೆಂಪಗೆ ಏನನ್ನೋ ಹಿಡಿದಿದ್ದಳು.

“ತಗೋ. ನಮ್ಮಣ್ಣಂದು, ಟಪಾಲು ಹಂಚುವಾಗ ಹಾಕ್ಕೊಳ್ತಿದ್ದದ್ದು. ಸೊಂಟಕ್ಕೆ ಸರಿಯಾಗಿ ನಿಲ್ಲುತ್ತೆ, ಗಾಳಿ ನುಗ್ಗಲ್ಲ.”

“ಬೆನ್ನ ಮೇಲೆ ಹೊಳೆಯೋ ಪಟ್ಟಿ ಇದೆಯಲ್ಲ ಎಫಿ.”

“ಇದ್ರೇನು? ಕತ್ತಲಾದ್ರೆ ಬೀಗರು ನಿನ್ನ ಮೇಲೆ ಕಾರು ಹತ್ತಿಸಲ್ಲ.”

“ನಾನು ಮಗಳ ಮದುವೆಗೆ ಹೋಗ್ತಿರೋದು. ಕಾಗದ ಹಂಚೋಕಲ್ಲ.”

“ಹಾಗಾದ್ರೆ ಬನಿಯನ್‌ನಲ್ಲೇ ಹೋಗು. ಸಾದಾ ಅಂದ್ರೆ ಅದಕ್ಕಿಂತ ಸಾದಾ ಇನ್ನೇನಿದೆ?” ಎಂದು ಕುರ್ಚಿ ಎಳೆದು ಕೂತಳು. “ಕಿಲ್ಟಿನ ಪಿನ್ನಾದ್ರೂ ಹುಡುಕಿಟ್ಟಿದ್ದೀಯಾ?”

ಇರಲಿಲ್ಲ. ಅವನು ಅಡುಗೆಮನೆಯಲ್ಲಿ ಹುಡುಕುವಾಗ ಎಫಿ ಮಲಗುವ ಕೋಣೆಗೆ ಹೋಗಿ ಬೀರುವಿನ ಕೆಳಗಿನ ಖಾನೆ ಎಳೆದಳು. ಆ ಸದ್ದು ಕೇಳಿ ಲಾಕ್ಲನ್ ಓಡಿದ. ತಡವಾಗಿತ್ತು. ಅವಳ ಮಡಿಲಲ್ಲಿ ಒಂದು ದಿಂಬಿನ ಚೀಲ, ಅದರೊಳಗಿನಿಂದ ಅರ್ಧ ಹೊರಗೆ ಬಂದ ಬೂದು ಬಣ್ಣದ ವಸ್ತು.

“ಇದೇನಿದು? ಕಾಲೊರೆಸೋದಾ?”

“ಪೆಗಿ ಹೆಣೆದ ಜಾಕೆಟ್.”

“ಸುಳ್ಳು. ಅದು ನಿನ್ನ ತೊಡೆ ಮುಚ್ಚುತ್ತಿತ್ತು.”

ಲಾಕ್ಲನ್ ಬಾಗಿಲ ಚೌಕಟ್ಟು ಹಿಡಿದು ನಿಂತ. ಇದನ್ನು ಅವನು ಈವರೆಗೆ ದೇವರಿಗೆ ಮಾತ್ರ ಹೇಳಿದ್ದ. “ಮಣ್ಣು ಮಾಡಿ ಬಂದ ವಾರ. ಮೇಲೆ ಸೂಪು ಚೆಲ್ಲಿತ್ತು. ಅವಳಿದ್ದಿದ್ರೆ ಒಗೀತಿದ್ಲು ಅಂತ ಮೆಷಿನ್‌ಗೆ ಹಾಕಿದೆ. ಯಾವ ಗುಂಡಿ ಒತ್ತಬೇಕು ಅಂತ ಗೊತ್ತಿರಲಿಲ್ಲ. ಕುದಿಯೋ ನೀರಿಗೆ ಹೋಯ್ತು. ಹೊರಗೆ ತೆಗೆದಾಗ ಉಣ್ಣೆ ಕುಗ್ಗಿ ಹೀಗಾಗಿತ್ತು. ಊನಾಗೆ ಹೇಳಿಲ್ಲ. ಅವಳಮ್ಮ ಒಂದು ಚಳಿಗಾಲವೆಲ್ಲ ಕೂತು ಹೆಣೆದದ್ದನ್ನ ನಾನು ಒಂದು ಗಂಟೆಯಲ್ಲಿ...”

ಎಫಿ ನಗಲಿಲ್ಲ. ಬಟ್ಟೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು. ಹೆಣಿಗೆಯ ಒಂದು ಕಣ್ಣೂ ಈಗ ಕಾಣುತ್ತಿರಲಿಲ್ಲ. ಎಲ್ಲವೂ ಒಂದರೊಳಗೊಂದು ಸೇರಿ ಕಂಬಳಿಯಂತೆ ಗಟ್ಟಿಯಾಗಿತ್ತು.

“ಹಾಕ್ಕೊ.”

“ಏನು?”

“ಹಾಕ್ಕೊ ಕಣೋ. ಕಿಲ್ಟ್ ಉಟ್ಕೊಂಡು ಬಂದು ಹಾಕ್ಕೊ.”

ಮೈ ಸೇರುವುದಿಲ್ಲ ಎಂದುಕೊಂಡೇ ತೋಳು ತೂರಿಸಿದ. ಸೇರಿತು. ಎರಡು ವರ್ಷ ಒಬ್ಬನೇ ಬೇಯಿಸಿಕೊಂಡು ತಿಂದ ಮೈ ತಾನೂ ಇಳಿದಿತ್ತು. ತೋಳು ಗಿಡ್ಡವಾಯಿತು, ಆದರೆ ಪೆಗಿ ಯಾವಾಗಲೂ ತೋಳಿನ ತುದಿ ಮಡಚುವ ಹಾಗೆ ಉದ್ದ ಹೆಣೆಯುತ್ತಿದ್ದಳು, ಆ ಮಡಿಕೆ ಬಿಚ್ಚಿದರೆ ಮಣಿಕಟ್ಟು ಮುಟ್ಟಿತು. ಕೊಂಬಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಜಾಕೆಟ್ ಸೊಂಟದಿಂದ ಮೂರು ಬೆರಳು ಇಳಿದು ಅಲ್ಲಿಗೇ ನಿಂತಿತು.

ಕನ್ನಡಿಯಲ್ಲಿ ನೋಡಿದ. ಇದು ಸರಿಯೋ, ನಗೆಪಾಟಲೋ? ಬೀಗರ ಕಡೆಯವರು ಎಡಿನ್‌ಬರೋ ಪಟ್ಟಣದವರು. ಒಗೆದು ಹಾಳು ಮಾಡಿದ ಬಟ್ಟೆಯಲ್ಲಿ ಹುಡುಗಿಯ ಅಪ್ಪ ಬಂದ ಎನ್ನುವುದಿಲ್ಲವೇ? ಅದು ಜಾಕೆಟ್ಟೋ, ಅಂಗಿಯೋ, ಹಾಳಾದದ್ದೋ, ಒಂದು ಹೆಸರು ಹಿಡಿದು ಕರೆಯಲೂ ಅವನಿಗೆ ಬರಲಿಲ್ಲ.

“ಹಿಂದೆ ಹೇಗಿದೆ? ನಂಗೆ ಕಾಣ್ತಿಲ್ಲ.”

ಎಫಿ ಅವನ ಸುತ್ತ ಒಂದು ಸುತ್ತು ಬಂದು ಬೆನ್ನ ಹಿಂದೆ ನಿಂತಳು.

“ಏನಾದ್ರೂ ಅನ್ನು ಮಾರಾಯ್ತಿ.”

“ಅಲ್ಲಾಡಬೇಡ. ನೆರಿಗೆ ಎಣಿಸ್ತಿದ್ದೀನಿ.” ಅವಳ ದನಿ ಎಂದಿನ ಹಾಗಿರಲಿಲ್ಲ. “ಒಂದೂ ಮುಚ್ಚಿಲ್ಲ.”

“ಹಾಗಾದ್ರೆ ಚೆನ್ನಾಗಿದೆಯಾ?”

“ಅದು ನಂಗೂ ಗೊತ್ತಾಗ್ತಿಲ್ಲ ಕಣೋ” ಎಂದಳು ಎಫಿ.

ಆ ಸಂಜೆ ಅವನು ಬೆಳ್ಳಿ ಗುಂಡಿಯದನ್ನೂ ಹಸಿರು ಕೋಟನ್ನೂ ಬೂದು ಜಾಕೆಟ್ಟನ್ನೂ ಮಂಚದ ಮೇಲೆ ಸಾಲಾಗಿ ಹಾಸಿದ. ಪೆಗಿ ಹಾಸುತ್ತಿದ್ದದ್ದು ಒಂದೇ. ಮಂಡಿಯೂರಿ ಪ್ರಾರ್ಥನೆ ಮಾಡಿದ. ಜಾಕೆಟ್ಟಿನ ವಿಷಯ ದೇವರ ಮುಂದೆ ಇಡಲು ನಾಚಿಕೆಯಾಗಿ ಊನಾಳ ಹೆಸರು ಮಾತ್ರ ಹೇಳಿದ. ಬೆಳಿಗ್ಗೆ ಎದ್ದಾಗಲೂ ಮೂರೂ ಹಾಗೇ ಇದ್ದವು. ಎರಡು ಗಂಟೆಗೆ ಕಾರಿನ ಹಾರ್ನ್ ಆದಾಗ ಕೈಗೆ ಬಂದದ್ದು ಬೂದು.

ದಂಡೆಯ ಕಲ್ಲುಗಳ ಮೇಲೆ ಜನ ಗುಂಪಾಗಿ ನಿಂತಿದ್ದರು. ಲಾಕ್ಲನ್ ನೀರಿಗೆ ಮುಖ ಮಾಡಿ, ಹಾಡಬೇಕಾದ ಕೀರ್ತನೆಯ ಮೊದಲ ಸಾಲನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದ. ಬೆನ್ನ ಹಿಂದೆ ಹೆಜ್ಜೆ ಸದ್ದು ನಿಂತಿತು. ಯಾರದೋ ಬೆರಳು ಸೊಂಟದ ಕೆಳಗೆ ನೆರಿಗೆಯ ಹೊಲಿಗೆಯ ಗುಂಟ ಮೆಲ್ಲಗೆ ಇಳಿಯಿತು.

“ಅಮ್ಮನ ಕೈ” ಎಂದಳು ಊನಾ. ಬಿಳಿ ಉಡುಪು, ಕಾಲಿಗೆ ರಬ್ಬರ್ ಬೂಟು. ಆಮೇಲೆ ಅವಳ ಕಣ್ಣು ಮೇಲೆ ಹೋಯಿತು. “ಅಪ್ಪ, ಇದು ಆ ಬೂದು ಜಾಕೆಟ್ ಅಲ್ವಾ? ಉದ್ದ ಆಗುತ್ತೆ ಅಂದಿದ್ದೆಯಲ್ಲ?”

“ಸುಳ್ಳು ಹೇಳಿದ್ದೆ ಮಗಾ. ಬಿಸಿನೀರಲ್ಲಿ ಒಗೆದು ಹಾಳು ಮಾಡಿದೆ. ಎರಡು ವರ್ಷ ಆಯ್ತು.”

ಊನಾಳ ಮುಖದಲ್ಲಿ ಬಂದದ್ದು ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಖಾರಿಯ ಆಚೆಯಿಂದ ಗಾಳಿ ಎದ್ದು, ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಒಂದು ಓರೆಯಾಗಿ ಬೀಸತೊಡಗಿತು. ಜನ ಕೋಟು ಮೇಲೆ ಕೋಟು ಹೊದ್ದರು. ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಲು ಕೂಗಿದ. ಬೂದು ಉಣ್ಣೆಯ ಮೇಲೆ ಹನಿಗಳು ಕೂತು, ಒಳಗೆ ಇಳಿಯದೆ, ಉರುಳಿ ಬಿದ್ದವು. ಆದರೂ ಲಾಕ್ಲನ್‌ನ ಬರಿ ಮಂಡಿ ನಡುಗುತ್ತಿತ್ತು.

ಊನಾ ತನ್ನ ಗಂಡನಾಗುವವನ ಉದ್ದನೆಯ ಕೋಟನ್ನು ಎಳೆದು ತಂದು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಳು.

“ಇದನ್ನ ಮೇಲೆ ಹಾಕ್ಕೊ ಅಪ್ಪ. ಶಾಸ್ತ್ರ ಮುಗಿಯೋವರೆಗೆ ಮಾತ್ರ. ನನ್ನಾಣೆ, ನ್ಯುಮೋನಿಯಾ ಆಗುತ್ತೆ ನಿನಗೆ.”

ಅವಳು ಹುಟ್ಟಿದಂದಿನಿಂದ ಅವಳು ಕೇಳಿದ್ದಕ್ಕೆ ಅವನು ಇಲ್ಲವೆಂದದ್ದೇ ಇಲ್ಲ. ಸೊಂಟಕ್ಕೆ ಕೈ ಕೊಟ್ಟು, ನೆರಿಗೆ ಕಾಣುವಂತೆ ಬೆನ್ನು ನೆಟ್ಟಗೆ ಮಾಡಿ ನಿಂತ.

“ಹಾಕಲ್ಲ” ಎಂದ ಲಾಕ್ಲನ್.