ಟೇಪು ಮೇಷ್ಟ್ರ ಬೋರ್ಡಿಗೆ ಹನ್ನೆರಡು ಬಿಳಿ ಟೈ

ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಒಂದು ತುದಿಯ ಕಿಂಡಿಗೆ ಇನ್ನೊಂದು ತುದಿ ತೂರಿಸಿ ಎಳೆದರೆ ಕರಕರ ಎಂದು ಬಿಗಿದುಕೊಳ್ಳುವ ಪ್ಲಾಸ್ಟಿಕ್ ಪಟ್ಟಿ. ಅಂಗಡಿಯಲ್ಲಿ ಅದರ ಹೆಸರು ಕೇಬಲ್ ಟೈ. ಟೇಪು ಮೇಷ್ಟ್ರ ಬಾಯಲ್ಲಿ ಅದರ ಹೆಸರು ಆಪದ್ಬಂಧು. ಪೈಪು ಜಾರಿದರೆ ಟೈ, ವೈರು ಜೋತರೆ ಟೈ, ಕುರ್ಚಿಯ ಕೈ ಅಲ್ಲಾಡಿದರೂ ಟೈ.

ಮೇಷ್ಟ್ರು ಪಾಠ ಹೇಳುವ ಮೇಷ್ಟ್ರಲ್ಲ, ದರ್ಜಿ. ಊಟಕ್ಕೆ ಕೂತಾಗಲೂ ಕೊರಳಿಂದ ಅಳತೆ ಟೇಪು ಇಳಿಯುವುದಿಲ್ಲ ಎಂದು ಬೀದಿಯವರು ಇಟ್ಟ ಹೆಸರು ಅದು. ಕೆಳಗೆ ಅಂಗಡಿ, ಮೇಲೆ ಮನೆ. ಮಹಡಿಯ ಕಂಬಿಗೆ ಆರಡಿ ಉದ್ದದ ತಗಡಿನ ಬೋರ್ಡು. ಎರಡು ವರ್ಷದ ಹಿಂದೆ ಅದನ್ನು ಹನ್ನೆರಡು ಬಿಳಿ ಟೈ ಹಾಕಿ ಮೇಷ್ಟ್ರೇ ಕಟ್ಟಿದ್ದರು. ಬೋರ್ಡಿನ ನೇರ ಕೆಳಗೆ ಒಂದು ಬೆಂಚು. ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆಂದು ಮೇಷ್ಟ್ರ ತಾಯಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಗುಂಡಿ ಹಾಕುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಮೇಷ್ಟ್ರ ಹೆಂಡತಿಯ ತಂಗಿ ಬಂದಳು. ಮನೆ ಮನೆಯ ತಾರಸಿ ಹತ್ತಿ ಸೋಲಾರ್ ಫಲಕ ಕೂರಿಸುವುದು ಅವಳ ಕೆಲಸ. ಕೆಲಸದ ಪ್ಯಾಂಟಿಗೆ ಇನ್ನೊಂದು ಜೇಬು ಹಾಕಿಸಿಕೊಳ್ಳಲು ಬಂದವಳು ಬಾಗಿಲಲ್ಲೇ ನಿಂತು ಮೇಲೆ ನೋಡಿದಳು.

"ಭಾವ, ಈ ಬೋರ್ಡು ಬಲಗಡೆ ಬಗ್ಗಿದೆಯಲ್ಲ."

"ಗಿರಾಕಿಗಳಿಗೆ ನಮಸ್ಕಾರ ಮಾಡ್ತಿದೆ. ವಿನಯ ಕಲಿ ಅದನ್ನ ನೋಡಿ."

"ಇವತ್ತು ಮಧ್ಯಾಹ್ನ ಗಾಳಿ ಜೋರು ಅಂತ ಹೇಳಿದ್ದಾರೆ. ಸಾಷ್ಟಾಂಗ ಮಾಡೀತು." ಅವಳು ಬೆಂಚಿನ ಕಡೆ ತಿರುಗಿದಳು. "ಅಮ್ಮ, ಸ್ವಲ್ಪ ಈಚೆ ಬಂದು ಕೂತ್ಕೊಳ್ತೀರಾ?"

"ಇಲ್ಲಿಂದ ಎದ್ರೆ ನನಗೆ ಕಣ್ಣೇ ಕಾಣಲ್ಲಮ್ಮ," ಎಂದರು ಮೇಷ್ಟ್ರ ತಾಯಿ. "ನನ್ನ ಮಗ ಕಟ್ಟಿರೋದು. ಬೀಳಲ್ಲ."

ಮೇಷ್ಟ್ರ ಎದೆ ಅರ್ಧ ಇಂಚು ಉಬ್ಬಿತು.

"ಕೇಳಿಸ್ತಾ? ಒಳಗೆ ಬಾ, ತೋರಿಸ್ತೀನಿ. ಈ ಮೆಷಿನ್ ವೈರಿಗೆ ಕಟ್ಟಿರೋ ಟೈ ನೋಡು. ಅದೇ ಪ್ಯಾಕೆಟ್ಟು, ಅದೇ ದಿನ, ಇದೇ ಕೈ. ಕಲ್ಲಿನ ಹಾಗಿದೆ. ಒಂದೇ ಹೊಟ್ಟೇಲಿ ಹುಟ್ಟಿದ ಮಕ್ಕಳಲ್ಲಿ ಒಬ್ಬ ಪೈಲ್ವಾನ, ಇನ್ನೊಬ್ಬ ನರಪೇತಲನಾ?"

"ಒಬ್ಬ ನೆರಳಲ್ಲಿ ಬೆಳೆದ, ಇನ್ನೊಬ್ಬ ಬಿಸಿಲಲ್ಲಿ ಬೆಂದ," ಎಂದು ನಾದಿನಿ ಮೇಜಿನ ಮೇಲಿದ್ದ ದೊಡ್ಡ ಕತ್ತರಿಗೆ ಕೈ ಹಾಕಿದಳು.

"ಮುಟ್ಟಬೇಡ. ಅದು ಬಟ್ಟೆ ಕತ್ತರಿ. ಪ್ಲಾಸ್ಟಿಕ್ ಕತ್ತರಿಸಿದ್ರೆ ಹೆತ್ತ ಮಗಳನ್ನ ಕಟುಕರ ಮನೆಗೆ ಕೊಟ್ಟ ಹಾಗೆ."

ಅವಳು ನಕ್ಕು ತನ್ನ ಚೀಲದಿಂದ ಇಕ್ಕಳ ತೆಗೆದು ವೈರಿನ ಟೈ ಕತ್ತರಿಸಿದಳು. ಮಹಡಿ ಹತ್ತಿ, ಕಂಬಿಗೆ ನೀರಿನ ಪೈಪು ಕಟ್ಟಿದ್ದ ಟೈ ಒಂದನ್ನೂ ಕತ್ತರಿಸಿ ತಂದಳು. ಅದೂ ಅದೇ ಪ್ಯಾಕೆಟ್ಟಿನದೇ. ಎರಡನ್ನೂ ಮೇಜಿನ ಮೇಲಿಟ್ಟಳು. ಒಳಗಿನದು ಬೆಳ್ಳಗಿತ್ತು. ಹೊರಗಿನದು ಹಳೆಯ ಹಲ್ಲಿನಂತೆ ಹಳದಿಗೆ ತಿರುಗಿ, ಮೈಮೇಲೆ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು.

ಒಳಗಿನದನ್ನು ಬಗ್ಗಿಸಿದಳು. ಎರಡು ತುದಿ ಸೇರಿದವು. ಬಿಟ್ಟಳು, ಮತ್ತೆ ನೆಟ್ಟಗಾಯಿತು. ಹೊರಗಿನದನ್ನು ಬಗ್ಗಿಸಿದಳು. ಒಣಕಡ್ಡಿಯ ಹಾಗೆ ಟಪ್ ಎಂದಿತು.

"ಅದೊಂದು ಡ್ಯಾಮೇಜ್ ಪೀಸು," ಎಂದರು ಮೇಷ್ಟ್ರು.

ನಾದಿನಿ ಮೇಜಿನ ಮೇಲಿದ್ದ ಅಂಚುಪಟ್ಟಿಯನ್ನು ಟೇಪಿನಂತೆ ಕೊರಳಿಗೆ ಹಾಕಿಕೊಂಡು, ಗದ್ದ ಎದೆಗೊತ್ತಿ, ಭಾವನ ದನಿಯಲ್ಲೇ ಶುರುಮಾಡಿದಳು. "ಒಂದು ಒಗೆತ ಹೋಗ್ಲಿ ಸ್ವಾಮಿ, ತಾನೇ ಸರಿಹೋಗುತ್ತೆ. ನಲವತ್ತು ವರ್ಷದ ಕೈ ಇದು. ಬಿಗಿಯಾದ್ರೆ ನಿಮ್ಮ ಹೊಟ್ಟೆ ತಪ್ಪು, ಸಡಿಲಾದ್ರೆ ನಿಮ್ಮ ತೊಗಲು ತಪ್ಪು."

ಒಳಗಿನಿಂದ ಮೇಷ್ಟ್ರ ಹೆಂಡತಿ ನಕ್ಕಿದ್ದು ಬೀದಿಗೆ ಕೇಳಿಸಿತು. ಮೇಷ್ಟ್ರೂ ಮೀಸೆಯ ಮರೆಯಲ್ಲಿ ನಕ್ಕರು. ಸೋತಂತೆ ತೋರಿಸಿಕೊಳ್ಳಲಿಲ್ಲ ಅಷ್ಟೇ.

"ಹೋಗ್ಲಿ ಭಾವ, ಒಂದು ಹೇಳಿ. ಆ ಗಾಜಿನ ಕಪಾಟಿನಲ್ಲಿ ನೇತು ಹಾಕಿರೋ ಅಂಗೀನ ತಿಂಗಳಿಗೊಮ್ಮೆ ಯಾಕೆ ಬದಲಾಯಿಸ್ತೀರಿ?"

"ಬಿಸಿಲು ಹೊಡೆಯುತ್ತಲ್ಲ. ಮೊದಲು ಬಣ್ಣ ಹೋಗುತ್ತೆ. ಹಾಗೇ ಬಿಟ್ರೆ ನೂಲೇ ಲಡ್ಡಾಗುತ್ತೆ, ಹಿಡಿದ್ರೆ ಕೈಗೆ ಬರುತ್ತೆ."

"ಟೈ ಮಾಡಿರೋದು ನೈಲಾನಿಂದ. ನಿಮ್ಮ ನೂಲಿನ ದೊಡ್ಡಪ್ಪನ ಮಗ. ಬಿಸಿಲು ಅದರ ಒಳಗಿನ ಕಸುವನ್ನ ದಿನಾ ಒಂಚೂರು ತಿನ್ನುತ್ತೆ. ದೂರದಿಂದ ನೋಡಿದ್ರೆ ಗೊತ್ತೇ ಆಗಲ್ಲ, ಒಂದು ದಿನ ಗಾಳಿ ಬಂದಾಗ ಗೊತ್ತಾಗುತ್ತೆ. ಬಿಳಿ ಟೈ ಮನೆ ಒಳಗೆ ರಾಜ. ಬಿಸಿಲಿಗೆ ಬಿದ್ರೆ ಒಂದೆರಡು ವರ್ಷಕ್ಕೆ ಅದರ ಟೈಮು ಮುಗೀತು."

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನಿಂದ ತಾಯಿಯ ದನಿ ಬಂತು.

"ಆ ಮುರಿದ ತುಂಡು ಇಲ್ಲಿ ಕೊಡು ನೋಡೋಣ. ಇಂಥದ್ದು ನನ್ನ ಹತ್ರ ಇನ್ನೂ ಇದೆ."

ಗುಂಡಿ ಡಬ್ಬಿಯ ಮುಚ್ಚಳ ತೆಗೆದು, ತಳದಿಂದ ಒಂದು ಹಿಡಿ ಹಳದಿ ತುಂಡುಗಳನ್ನು ಎತ್ತಿ ಮಡಿಲಿಗೆ ಸುರಿದುಕೊಂಡರು.

"ಬಾಗಿಲು ಗುಡಿಸೋವಾಗ ಆಗಾಗ ಸಿಗೋದು. ಕಾಲರ್ ಒಳಗೆ ಹಾಕೋ ಪಟ್ಟಿ ಬೀಳಿಸ್ಕೊಂಡು ಓಡಾಡ್ತಾನೆ, ಹೇಳಿದ್ರೆ ಮುಖ ಊದಿಸ್ಕೊಳ್ತಾನೆ ಅಂತ ಸುಮ್ಮನೆ ಎತ್ತಿಟ್ಟೆ."

"ಅಮ್ಮ, ಕಾಲರ್ ಪಟ್ಟಿಗೆ ಕಿಂಡಿ ಇರುತ್ತಾ?"

"ಹೊಸ ಫ್ಯಾಷನ್ ಇರಬೇಕು ಅಂದ್ಕೊಂಡೆ."

ಮೇಷ್ಟ್ರು ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಿಂಡಿ ಇದ್ದ ತುಂಡುಗಳನ್ನು ಮಾತ್ರ ಆರಿಸಿ ಸಾಲಾಗಿ ಇಟ್ಟರು. ಒಂದು ಟೈಗೆ ಒಂದೇ ಕಿಂಡಿ. ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಹನ್ನೆರಡರಲ್ಲಿ ಅಷ್ಟು ಹೋದರೆ ಮೇಲೆ ಉಳಿದದ್ದು ಐದು. ಆ ಐದರ ಕೆಳಗೆ, ಮಗ ಕಟ್ಟಿದ್ದೆಂಬ ಒಂದೇ ಧೈರ್ಯದಲ್ಲಿ, ಅಮ್ಮ.

"ಏಳು," ಎಂದರು.

"ಎಣಿಸ್ತಿದ್ದೀಯೋ, ಎಬ್ಬಿಸ್ತಿದ್ದೀಯೋ?"

"ಎರಡೂ ಅಮ್ಮ. ಮೊದಲು ಏಳು."

ಬೆಂಚು ಆಚೆ ಹೋಯಿತು. ಗಿರಾಕಿಗಳನ್ನು ಎದುರು ಬದಿಗೆ ಕಳಿಸಿದ್ದಾಯಿತು. ನಾದಿನಿ ಬೋರ್ಡಿಗೆ ಎರಡು ಕಡೆ ಹಗ್ಗ ಹಾಕಿದಳು. ಒಂದನ್ನು ಅಕ್ಕ ಹಿಡಿದಳು, ಇನ್ನೊಂದನ್ನು ಮೇಷ್ಟ್ರು. ಐದು ಟೈಗಳಲ್ಲಿ ಎರಡಂತೂ ಇಕ್ಕಳ ತಾಗುವ ಮೊದಲೇ ಮುರಿದವು. ಬೋರ್ಡು ಮೆಲ್ಲಗೆ ನೆಲಕ್ಕಿಳಿದಾಗ ಮೇಷ್ಟ್ರು ಅದರ ಭಾರಕ್ಕೆ ಉಸಿರು ಬಿಟ್ಟರು. ಎರಡು ವರ್ಷ ಈ ಭಾರವನ್ನು ಅಮ್ಮನ ತಲೆಯ ಮೇಲೆ ನೇತು ಹಾಕಿದ್ದು ತಾವೇ.

"ಈಗ ಗಟ್ಟಿ ಟೈ ತರೋಣ," ಎಂದರು.

"ಬೋರ್ಡಿಗೆ ಯಾವ ಟೈಯೂ ಬೇಡ ಭಾವ. ಜನರ ತಲೆ ಮೇಲೆ ತೂಗೋ ಭಾರಕ್ಕೆ ಕಬ್ಬಿಣದ ಕ್ಲ್ಯಾಂಪು, ನಟ್ಟು, ಬೋಲ್ಟು. ಪೈಪು, ವೈರು, ನೆರಳಿನ ಬಟ್ಟೆ ಇಂಥ ಹಗುರದ ಸಾಮಾನಿಗೆ ಮಾತ್ರ ಟೈ. ಅದೂ ಬಿಸಿಲು ತಡೆಯೋ ಕಪ್ಪು ಟೈ."

ಹಾರ್ಡ್‌ವೇರ್ ಅಂಗಡಿಯವನು ಕಪ್ಪು ಟೈಯ ಎರಡು ಪ್ಯಾಕೆಟ್ಟು ಮುಂದಿಟ್ಟ. "ಎರಡೂ ಒಂದೇ ಮೇಷ್ಟ್ರೇ. ಕಪ್ಪು ಅಂದ್ರೆ ಕಪ್ಪು."

ನಾದಿನಿ ಎರಡನ್ನೂ ತಿರುಗಿಸಿ ನೋಡಿ, ಬಿಸಿಲು ತಡೆಯುತ್ತದೆ ಎಂಬ 'ಯುವಿ' ಗುರುತು ಇದ್ದ ಪ್ಯಾಕೆಟ್ಟನ್ನು ತೆಗೆದುಕೊಂಡಳು. "ಇದರಲ್ಲಿ ಬೆರೆಸಿರೋ ಕಪ್ಪು ಪುಡಿ ಬಿಸಿಲನ್ನ ಒಳಗೆ ಬಿಡಲ್ಲ. ಆ ಇನ್ನೊಂದು ಪ್ಯಾಕೆಟ್ಟಿನದು ಬರೀ ಬಣ್ಣ ಬಳಿದಿದ್ದೂ ಇರಬಹುದು, ಯಾರಿಗೆ ಗೊತ್ತು?"

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಕೇಳಿದ್ದೆ," ಎಂದರು ಮೇಷ್ಟ್ರು. "ಕಪ್ಪಗಿರೋದೆಲ್ಲ ಗಟ್ಟಿ ಅಲ್ಲ ಅಂತ ಇವತ್ತು ಗೊತ್ತಾಯ್ತು."

"ಇದಕ್ಕೂ ಆಯಸ್ಸು ಅಂತ ಇದೆ ಭಾವ. ಹಲವು ವರ್ಷ ಬಾಳುತ್ತೆ, ಚಿರಂಜೀವಿ ಅಲ್ಲ. ವರ್ಷಕ್ಕೊಮ್ಮೆ ಮುಟ್ಟಿ ನೋಡಿ. ಬಿರುಕು ಕಂಡ್ರೆ ಕಿತ್ತು ಹೊಸದು ಹಾಕಿ. ಪ್ರಾಣ ಹೋಗೋ ಹಾಗೆ ಬಿಗಿಯಲೂ ಬೇಡಿ."

"ಅರ್ಧ ಇಂಚು ಸಡಿಲ ಬಿಡ್ಲಾ?"

"ಅಂಗಿ ಅಲ್ಲ ಭಾವ ಇದು. ಪಟ್ಟಿಯ ಒಂದು ಹಲ್ಲಿನಷ್ಟು ಸಡಿಲ ಸಾಕು."

ಹನ್ನೊಂದು ಗಂಟೆಗೆಲ್ಲ ಬೋರ್ಡು ಕ್ಲ್ಯಾಂಪಿನಲ್ಲಿ ಕೂತಿತು. ಮೇಷ್ಟ್ರು ಬೋರ್ಡಿನ ಅಂಚು ಹಿಡಿದು ಜೋರಾಗಿ ಎಳೆದು ಪರೀಕ್ಷೆ ಮಾಡಿದರು. ಕಂಬಿಯೇ ನಡುಗಿತು, ಕ್ಲ್ಯಾಂಪು ಮಾತ್ರ ಸಡಿಲಾಗಲಿಲ್ಲ. ಆಮೇಲೆ ಅವರನ್ನು ಹಿಡಿಯುವವರು ಯಾರೂ ಇರಲಿಲ್ಲ. ಇಕ್ಕಳ ಕಸಿದುಕೊಂಡು ಬೀದಿಗೆ ಇಳಿದರು. ಹಣ್ಣಿನ ಅಂಗಡಿಯಾಕೆಯ ನೆರಳು ಬಟ್ಟೆ ಮೊದಲು ಸಿಕ್ಕಿತು.

"ನೋಡಮ್ಮ, ನೈಲಾನ್ ಅಂದ್ರೆ ನೂಲಿನ ದೊಡ್ಡಪ್ಪನ ಮಗ," ಎಂದು ಅವರು ಶುರುಮಾಡಿದಾಗ ನಾದಿನಿ ಬಾಯಿಗೆ ಅಡ್ಡ ಹಿಡಿಯಲು ಸೆರಗು ಹುಡುಕಿದಳು. ಅವಳು ತೊಟ್ಟದ್ದು ಪ್ಯಾಂಟು.

"ನನ್ನದು ಹೋದ ವರ್ಷ ತಾನೇ ಕಟ್ಟಿದ್ದು ಮೇಷ್ಟ್ರೇ," ಎಂದಳು ಹಣ್ಣಿನಾಕೆ.

"ಬಗ್ಗಿಸು."

ಬಗ್ಗಿಸಿದಳು. ಟಪ್. ಊಟದ ಹೊತ್ತಿಗೆ ಆ ಬೀದಿಯ ಹೊರಗೋಡೆಗಳಲ್ಲಿ ಒಂದು ಬಿಳಿ ಟೈಯೂ ಉಳಿದಿರಲಿಲ್ಲ, ಎಲ್ಲ ಕಡೆ ಕಪ್ಪು ಟೈ ಬಂದಿತ್ತು. ಬಿದ್ದ ತುಂಡುಗಳನ್ನು ಮೇಷ್ಟ್ರ ತಾಯಿಯೇ ಮುಂದೆ ನಿಂತು ಗುಡಿಸಿಸಿದರು. ಈ ಸಲ ಒಂದನ್ನೂ ಎತ್ತಿಡಲಿಲ್ಲ.

ಮೂರು ಗಂಟೆಗೆ ಗಾಳಿ ಬಂತು. ಧೂಳು ಎದ್ದಿತು, ಕಿಟಕಿಗಳು ಹೊಡೆದುಕೊಂಡವು, ಯಾರದೋ ಬಕೆಟ್ಟು ಬೀದಿಯುದ್ದಕ್ಕೂ ಉರುಳಿ ಹೋಯಿತು. ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಹಣ್ಣಿನ ಅಂಗಡಿಯ ಬಟ್ಟೆ ಹೊಟ್ಟೆ ಉಬ್ಬಿಸಿ ಎಳೆದಾಡಿತು, ಒಂದು ಟೈಯೂ ಬಿಡಲಿಲ್ಲ. ಪೈಪುಗಳು ಗೋಡೆಗೆ ಅಂಟಿಕೊಂಡೇ ನಿಂತವು. ಮೇಷ್ಟ್ರ ಬೋರ್ಡು ಕಮಕ್ ಕಿಮಕ್ ಅನ್ನಲಿಲ್ಲ. ಗಾಳಿ ಸೋತು ಮುಂದಿನ ಬೀದಿಗೆ ಹೋದಾಗ ಹಣ್ಣಿನಾಕೆ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಬೀದಿಗೆ ಬೀದಿಯೇ ತಟ್ಟಿತು.

ಮೇಷ್ಟ್ರು ಬೆಂಚನ್ನು ತಾವೇ ಹೊತ್ತು ತಂದು ಬೆಳಕಿಗೆ ಹಾಕಿ, ಧೂಳು ಕೊಡವಿದರು.

"ಈಗ ಕೂತ್ಕೊ ಅಮ್ಮ. ಈಗ ನಿಜವಾಗಲೂ ಬೀಳಲ್ಲ."

ತಾಯಿ ಕೂತರು. ಒಮ್ಮೆಯೂ ಮೇಲೆ ನೋಡಲಿಲ್ಲ.

ಇದನ್ನು ಓದಿದವರೂ, ಓದಿಸಿ ಕೇಳಿದವರೂ ಈಗಲೇ ಎದ್ದು ಒಂದು ಸುತ್ತು ಮನೆಯ ಹೊರಗೆ ಹೋಗಿ ಬನ್ನಿ. ಹಳದಿಗೆ ತಿರುಗಿದ ಟೈ ಕಂಡರೆ ಕೆಳಗಿನವರನ್ನು ಸರಿಸಿ, ಭಾರಕ್ಕೆ ಆಸರೆ ಕೊಟ್ಟು, ಆಮೇಲೆ ಕತ್ತರಿಸಿ. ಹಗುರದ್ದಕ್ಕೆ ಯುವಿ ಗುರುತಿನ ಕಪ್ಪು ಟೈ ಕಟ್ಟಿ, ತಲೆಯ ಮೇಲಿನ ಭಾರವನ್ನು ಕಬ್ಬಿಣಕ್ಕೆ ಒಪ್ಪಿಸಿ. ನೀವು ಕಟ್ಟಿದ್ದರ ಕೆಳಗೆ ನಿಮ್ಮನ್ನು ನಂಬಿ ಯಾರೋ ಕೂತಿದ್ದಾರೆ. ಅವರು ಮೇಲೆ ನೋಡುವುದಿಲ್ಲ. ನೀವು ನೋಡಿ.