ಒಂದು ಸೌಟು ಪಾಕ

ದೇವರು ಮನುಷ್ಯನಿಗೆ ನಾಲಿಗೆ ಕೊಟ್ಟದ್ದು ರುಚಿ ನೋಡಲಿಕ್ಕೋ ಕಚ್ಚಾಡಲಿಕ್ಕೋ ಎಂದು ಆ ಸಂಜೆ ಬಸ್ ಡ್ರೈವರನ ಅಡುಗೆಮನೆಯಲ್ಲಿ ನಿಂತವರಿಗೆ ಅನುಮಾನ ಬರುತ್ತಿತ್ತು. ಸಕ್ಕರೆ ಕಾಯಿಲೆಗೆ ಕಾಲಿನ ಒಂದು ಬೆರಳು ತೆತ್ತು, ಗಾಯ ಮಾಗಿ, ಅವನು ನಾಳೆ ಮತ್ತೆ ಕೆಲಸಕ್ಕೆ ಹೊರಡುವವನಿದ್ದ. ಅದೇ ಖುಷಿಗೆ ಡಿಪೋದ ಗೆಳೆಯರಿಗೆ ಪಾರ್ಟಿ. ಇನ್ನೊಂದು ಬೆರಳು ಹೋದರೆ ಸ್ಟೀರಿಂಗ್ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದನ್ನು ಮರೆಯದಿದ್ದವಳು ಹೆಂಡತಿ ಒಬ್ಬಳೇ.

ಅವಳು ಬಟ್ಟೆ ಹೊಲಿಯುವವಳು, ಅವಸರ ಗೊತ್ತಿಲ್ಲ. ಪಾರ್ಟಿಯ ತಿಂಡಿಗೆಂದು ಕಾಳುಬೀಜಗಳನ್ನು ಸಣ್ಣ ಉರಿಯಲ್ಲಿ ಒಂದೊಂದಾಗಿ ಬೇರೆಯಾಗಿ ಹುರಿದಳು. ಬಾದಾಮಿ ನಿಧಾನಸ್ಥ, ಕುಂಬಳಬೀಜ ಮುಂಗೋಪಿ; ಕೂಡಿ ಹಾಕಿದರೆ ಒಂದು ಹಸಿ, ಇನ್ನೊಂದು ಸೀದು ಕರಿ. ಶೇಂಗಾವೂ ಆಯಿತು. ಆಮೇಲೆ ನಾಲ್ಕು ಹನಿ ಎಣ್ಣೆ, ಚೂರು ಉಪ್ಪು, ಕುಟ್ಟಿದ ಕಾಳುಮೆಣಸು.

"ಇದೇನು ಅತ್ತಿಗೆ, ನಮ್ಮಣ್ಣನಿಗೆ ಗಿಣಿ ಮೇವಾ?" ಎಂದಳು ನಾದಿನಿ. ಬೇಕರಿ ಇಟ್ಟವಳು, ಸಕ್ಕರೆಯಲ್ಲೇ ಅನ್ನ ಕಂಡವಳು.

"ಗಿಣಿ ಬೆರಳನ್ನ ಯಾರೂ ಕತ್ತರಿಸಿಲ್ವಲ್ಲಮ್ಮ."

"ನೀವು ಬಂದ ಮೇಲೆ ಅಣ್ಣ ಬಾಯ್ತುಂಬಾ ನಕ್ಕಿದ್ದೇ ನಾನು ನೋಡಿಲ್ಲ."

"ನಗೋಕೆ ಹಲ್ಲಿದೆ. ನಡೆಯೋಕೆ ಕಾಲೂ ಇರಲಿ ಅಂತ."

ಹುರಿದದ್ದನ್ನು ತಟ್ಟೆಯಲ್ಲಿ ಆರಲು ಬಿಟ್ಟು ಹೋಗಿದ್ದ ಹೆಂಡತಿ ಮುಖ ತೊಳೆದು ಬಂದು, ಬಟ್ಟಲಿಗೆ ಸುರಿಯಲು ತಟ್ಟೆ ವಾಲಿಸಿದಳು. ಗಲಗಲನೆ ಜಾರಬೇಕಾದದ್ದು ಜಾರಲಿಲ್ಲ. ಬಾದಾಮಿಗೆ ಬೀಜ ಮೆತ್ತಿಕೊಂಡು ಉಂಡೆಗಟ್ಟಿತ್ತು. ಒಂದನ್ನು ಬಾಯಿಗಿಟ್ಟಳು. ಸಕ್ಕರೆ ಪಾಕ.

ತಟ್ಟೆಯದ್ದೆಲ್ಲ ಕಸದ ಡಬ್ಬಿಗೆ ಹೋಯಿತು.

"ಒಂದು ಸೌಟು ಹಾಕಿದೆ, ಅಷ್ಟೆ," ಎಂದಳು ನಾದಿನಿ. "ಅದಕ್ಕೆ ಯಾರೂ ಸಾಯಲ್ಲ."

"ಸಾಯಲ್ಲ, ಕುಂಟ್ತಾರೆ. ಆಗ ನಿನ್ನ ಬೇಕರಿ ಮುಂದೆ ಕೂರಿಸ್ಕೊ, ಶೋಭೆಗೆ!"

ನಾದಿನಿಯ ಮುಖ ಕೆಂಪೇರಿತು. "ನನ್ನ ಬಾಯಿ ಬಿಡಿಸ್ಬೇಡಿ ಅತ್ತಿಗೆ. ಹಾಕು ಅಂದಿದ್ದು ಅಣ್ಣಾನೇ."

ಬಾಗಿಲಲ್ಲಿ ಅವನು ನಿಂತಿದ್ದ. "ಹೌದು ಕಣೆ, ನಾನೇ. ನಿನ್ನ ತಟ್ಟೆ ನೋಡಿದ್ರೆ ಆಸ್ಪತ್ರೆ ಊಟ ಅಂತ ಡಿಪೋದವರೆಲ್ಲ ಆಡ್ಕೋತಾರೆ. ನನಗೂ ಮಾನ ಇಲ್ವಾ?"

ನಾದಿನಿಯತ್ತ ಮುಖ ಮಾಡಿದ್ದ ಹೆಂಡತಿ ಅವನತ್ತ ತಿರುಗಿದಳು. ದೇವರೇ, ಎಂದಳು ಮನಸ್ಸಿನಲ್ಲಿ. ಮುಂದೆ ಏನು ಬೇಡಬೇಕೆಂದು ಮಾತ್ರ ತೋಚಲಿಲ್ಲ. ಉಳಿದ ಹಸಿ ಬಾದಾಮಿ, ಬೀಜಗಳನ್ನು ಅವನ ಮುಂದೆ ತಂದಿಟ್ಟು ಕೈಗೆ ಸೌಟು ತುರುಕಿದಳು.

"ಕಾಲು ನಿಮ್ದು, ಕೈಯೂ ನಿಮ್ದೇ ಆಗ್ಲಿ. ಹುರೀರಿ. ಪಾಕನಾದ್ರೂ ಹಾಕಿ, ಮಣ್ಣಾದ್ರೂ ಹಾಕಿ. ಇನ್ನು ನಾನು ಕಾವಲು ಕೂರಲ್ಲ."

ಕರೆಗಂಟೆ ಹೊಡೆಯಿತು. ಹೊರಗೆ ಗೆಳೆಯರ ಗದ್ದಲ.

"ಕೊಡಣ್ಣ ಇಲ್ಲಿ," ಎಂದು ನಾದಿನಿ ಕೈ ಚಾಚಿದಳು.

"ಮುಟ್ಟಬೇಡ!" ಎಂದು ಸಿಡುಕಿದ ಅವನು. ಬೇಕರಿಯಿಂದ ಅವಳು ತಂದಿದ್ದ ಪಾಕದ ಪಾತ್ರೆಯನ್ನು ಅವಳತ್ತಲೇ ತಳ್ಳಿ, "ಇದನ್ನ ಮೊದಲು ಚೆಲ್ಲು," ಎಂದ.

ಒಲೆ ಹಚ್ಚಿ, ಬಾದಾಮಿಯನ್ನಷ್ಟೇ ಮೊದಲು ಬಾಣಲೆಗೆ ಸುರಿದ. ಹೆಂಡತಿ ನೋಡುತ್ತ ನಿಲ್ಲದೆ ಬಾಗಿಲು ತೆರೆಯಲು ಹೋದಳು.