ಸಾಕು ಎನ್ನುವವರೆಗೆ

ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ಸುಕೇಶ ಮೆಟ್ಟಿಲು ಇಳಿಯುತ್ತಿದ್ದ. ಅವನ ಹಿಂದೆ ಝುಬೈರ್ ಎಡಗೈಯಲ್ಲಿ ಒಂದೇ ಒಂದು ಕುರ್ಚಿ ಹಿಡಿದು ಬರುತ್ತಿದ್ದ. ಬಲಗೈ ಅವನ ಮಾತು ಕೇಳುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಭುಜದ ಮಟ್ಟಕ್ಕಿಂತ ಮೇಲೆ ಅದು ಏಳುತ್ತಿರಲಿಲ್ಲ. ಇಬ್ಬರಿಗೂ ಏದುಸಿರು. ಒಂದು ಕಾಲದಲ್ಲಿ ಇವರು ಉಸಿರು ಕಟ್ಟಿ ಕಬಡ್ಡಿ ಆಡುತ್ತಿದ್ದವರು ಎಂದರೆ ಆ ಕಟ್ಟಡದ ವಾಚ್‌ಮನ್ ಕೂಡ ನಂಬುತ್ತಿರಲಿಲ್ಲ.

"ಅದನ್ನು ಅಲ್ಲೇ ಇಡು ಮಾರಾಯ," ಸುಕೇಶ ತಿರುಗಿ ಹೇಳಿದ. "ಒಂದು ಕುರ್ಚಿ ತಂದು ನೀನು ಯಾರನ್ನು ಕೂರಿಸ್ಲಿಕ್ಕುಂಟು?"

"ನನ್ನನ್ನೇ," ಎಂದ ಝುಬೈರ್.

ಮಸ್ಕತ್ತಿನ ದಾರ್ಸೈಟಿನ ಆ ಫ್ಲ್ಯಾಟಿನಲ್ಲಿ ಹೆಂಗಸರು ತುಂಬಿದ್ದರಿಂದ ಗಂಡಸರಿಗೆ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕುತ್ತಿದ್ದರು. ಮನೆಯ ಯಜಮಾನ ಕುಂಞಮ್ಮದ್ ನಸುಕಿನಲ್ಲಿ ಆಸ್ಪತ್ರೆಯಲ್ಲಿ ತೀರಿಹೋಗಿದ್ದರು. ಮಯ್ಯತ್ತನ್ನು, ಅವರ ದೇಹವನ್ನು, ಮಸೀದಿಗೆ ತಂದು, ಸ್ನಾನ ಮಾಡಿಸಿ, ಇಳಿಹೊತ್ತಿನ ಅಸರ್ ನಮಾಝಿನ ನಂತರ ಅಮರಾತಿನ ಖಬರಸ್ಥಾನಕ್ಕೆ ಒಯ್ಯುವುದೆಂದು ತೀರ್ಮಾನವಾಗಿತ್ತು. ಅವರು ರೂವಿಯ ಅಕ್ಕಿ ಸಗಟು ಅಂಗಡಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಆದರೆ ಮಸ್ಕತ್ತಿನಲ್ಲಿದ್ದ ಕರ್ನಾಟಕ ಕರಾವಳಿಯ ಜನಕ್ಕೆ ಅವರು ಕುಂಞಾಕ, ಕಬಡ್ಡಿ ಆಡಿದವರಿಗೆ ಕೋಚ್.

ಕುಂಞಾಕನ ಮಗ ಅಫ್ರಾಜ್ ಮೇಲಿನಿಂದ ಇಣುಕಿದ. ಅಲ್ ಖುವೈರಿನ ಕಂಪನಿಯೊಂದರಲ್ಲಿ ಕೆಲಸ, ಹುಟ್ಟಿದ್ದು ಬೆಳೆದದ್ದೆಲ್ಲ ಮಸ್ಕತ್ತಿನಲ್ಲೇ. ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು.

"ಝುಬೈರ್ ಅಂಕಲ್, ಉಮ್ಮ ಕರೀತಿದ್ದಾರೆ. ನಿಮ್ಮನ್ನೇ."

ಫ್ಲ್ಯಾಟಿನ ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಗಂಡನನ್ನು ಕಳೆದುಕೊಂಡವಳು ಇನ್ನು ಕೆಲವು ತಿಂಗಳು ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಝುಬೈದಾ ಬಾಗಿಲ ಹಿಂದಿನಿಂದಲೇ ಮಾತಾಡಿದರು.

"ಝುಬೈರಾ? ನೋಡು, ಅವರನ್ನು ಇಳಿಸ್ಲಿಕ್ಕೆ ಖಬರಿನ ಗುಂಡಿಗೆ ನೀನು ಇಳೀಬೇಕಂತೆ."

"ಯಾರು ಹೇಳಿದ್ದು?"

"ಅವರೇ. ಹೋದ ರಮಝಾನಿನಲ್ಲಿ ಕಾಲು ನೀವಿಸಿಕೊಳ್ತಾ ಹೇಳಿದ್ರು. ನನ್ನ ಟೀಮಿನಲ್ಲಿ ಇಳಿಸ್ಲಿಕ್ಕೆ ಕಲಿಯದವ ಅಂದ್ರೆ ಆ ಝುಬೈರ್ ಒಬ್ಬನೇ, ನನ್ನನ್ನಾದ್ರೂ ಅವ ಸರಿಯಾಗಿ ಇಳಿಸ್ಲಿ ಅಂತ. ಎಂತ ಮಾತು ಇದು ಅಂತ ನಾನು ಬೈದೆ. ಅವರು ನಗಾಡಿದ್ರು." ಒಳಗೆ ಝುಬೈದಾ ಕೂಡ ಸಣ್ಣಗೆ ನಕ್ಕಂತೆ ಕೇಳಿಸಿತು. ಆ ನಗು ಅರ್ಧದಲ್ಲೇ ಅಳುವಾಯಿತು.

"ನನ್ನ ಕೈ ಹೇಗುಂಟು ಅಂತ ನಿಮಗೆ ಗೊತ್ತಲ್ಲ," ಎಂದ ಝುಬೈರ್.

"ಅವರಿಗೆ ಗೊತ್ತಿರ್ಲಿಲ್ವಾ?"

ಝುಬೈರ್ ಕೆಳಗೆ ಬಂದು ತಾನೇ ತಂದಿಟ್ಟಿದ್ದ ಕುರ್ಚಿಯಲ್ಲಿ ಕುಳಿತ.

*

ಕುಂಞಾಕ ಕೋಚ್ ಆಗಿ ಬಂದಾಗ ಅವರನ್ನು ಯಾರೂ ಬಯಸಿ ಕರೆದಿರಲಿಲ್ಲ ಎನ್ನಬೇಕು. ಹಳೆಯ ಕೋಚ್ ವೀಸಾ ಮುಗಿಸಿ ಊರಿಗೆ ಹೋಗಿದ್ದ. ಊರಿನ ಕಾಲೇಜಿನಲ್ಲಿ ಆಡಿದವರು, ನಾಲ್ಕು ದಿನ ನಿಭಾಯಿಸಲಿ ಎಂದು ಯಾರೋ ಇವರ ಹೆಸರು ಹೇಳಿದರು. ನಾಲ್ಕು ದಿನಕ್ಕೆಂದು ಬಂದ ಮನುಷ್ಯ ತಲೆಗೂದಲು ನೆರೆಯುವವರೆಗೂ ಅಲ್ಲೇ ನಿಂತರು.

ದಾರ್ಸೈಟಿನ ಹಿಂದೆ, ವಾದಿ ಎನ್ನುವ ಒಣಗಿದ ಹೊಳೆಯ ಪಾತ್ರದಲ್ಲಿ, ಕಲ್ಲು ಹೆಕ್ಕಿ ಮರಳು ಸುರಿದು ಮಾಡಿದ ಅಂಕಣ ಅದು. ಆಗ ಶುಕ್ರವಾರ ಒಂದೇ ರಜೆ. ಬಿಸಿಲು ಇಳಿಯುತ್ತಲೇ ರೂವಿಯಿಂದ, ಮತ್ರಾದಿಂದ ಪಿಕಪ್ಪಿನ ಹಿಂದೆ ನಿಂತುಕೊಂಡು ಹುಡುಗರು ಬರುತ್ತಿದ್ದರು. ಬ್ಯಾರಿ, ತುಳು, ಕೊಂಕಣಿ ಎಲ್ಲ ಸೇರಿದ್ದ ಗುಂಪಾದ್ದರಿಂದ ಅಂಕಣದ ಅಪ್ಪಣೆಗಳು ಮಾತ್ರ ಕನ್ನಡದಲ್ಲಿ. ಸುತ್ತ ನಿಂತ ಒಮಾನಿ ಹುಡುಗರಿಗೆ, ಪಾಕಿಸ್ತಾನಿ ಡ್ರೈವರುಗಳಿಗೆ ಅದೊಂದು ಬಿಟ್ಟಿ ತಮಾಷೆ.

ಅವರೆಲ್ಲ ನೋಡಲು ಬರುತ್ತಿದ್ದದ್ದು ಝುಬೈರನನ್ನು. ರೈಡರ್ ತಿರುಗುವಷ್ಟರಲ್ಲಿ ಮೂಲೆಯಿಂದ ತಲೆ ಮುಂದೆ ಮಾಡಿ ಹಾರಿ, ಸೊಂಟಕ್ಕೆ ಕೈ ಹಾಕಿ, ಎತ್ತಿ ನೆಲಕ್ಕೆ ಅಪ್ಪಳಿಸುತ್ತಿದ್ದ. ಬಿದ್ದವನ ಉಸಿರು ಹಾರಿಹೋಗುವ ಸದ್ದು ರಸ್ತೆಯವರೆಗೆ ಕೇಳಿಸುತ್ತಿತ್ತು. ಅಲ್ಲಿಂದ ಶಿಳ್ಳೆ. ಆ ಶಿಳ್ಳೆಗಾಗಿ ಝುಬೈರ್ ಇಡೀ ವಾರ ಪೈಂಟ್ ಡಬ್ಬ ಹೊರುತ್ತಿದ್ದ.

ಹೊಸ ಕೋಚ್ ಮೊದಲ ಶುಕ್ರವಾರ ಸುಮ್ಮನೆ ನೋಡಿದರು. ಎರಡನೆಯ ಶುಕ್ರವಾರ ಅಂಗಡಿಯಿಂದ ಒಂದು ಖಾಲಿ ಗೋಣಿ ತಂದು ಅದಕ್ಕೆ ಮರಳು ತುಂಬಿಸಿದರು.

"ಇವತ್ತು ರೈಡ್ ಇಲ್ಲ," ಎಂದರು. "ಇದನ್ನು ಹಿಡಿದು ಕೆಳಗೆ ಇಳಿಸಿ. ಸದ್ದಾಗಬಾರ್ದು."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾರವಿಡೀ ಮೂಟೆ ಹೊತ್ತು ಬಂದವರಿಗೆ ಇಲ್ಲಿಯೂ ಮೂಟೆ. ಕುಂಞಾಕ ಅಂಕಣದ ಕಡೆಗೆ ಬೆನ್ನು ಹಾಕಿ ನಿಂತರು. ಧೊಪ್ಪೆಂದರೆ ತಿರುಗದೆಯೇ ಬೆರಳೆತ್ತಿ "ಇನ್ನೊಮ್ಮೆ" ಎನ್ನುತ್ತಿದ್ದರು.

ಗೋಣಿಯ ನಂತರ ಮನುಷ್ಯರ ಸರದಿ ಬಂತು. ಹಿಡಿಯುವವನ ತಲೆ ಯಾವಾಗಲೂ ರೈಡರನ ಪಕ್ಕಕ್ಕೆ, ಎದುರಿಗಲ್ಲ. ಒಬ್ಬನೇ ಹಾರುವಂತಿಲ್ಲ, ಪಕ್ಕದವನ ಮಣಿಕಟ್ಟು ಹಿಡಿದೇ ಮುಂದೆ ಹೋಗಬೇಕು. ಹಿಡಿದ ಮೇಲೆ ಮಂಡಿ ಬಗ್ಗಿಸಿ ಕೆಳಗೆ ತರಬೇಕು. ಕೊನೆಗೆ, ಎಲ್ಲರೂ ನಕ್ಕದ್ದು ಇದಕ್ಕೇ, ಬಿದ್ದವನ ತಲೆಯಡಿ ಅಂಗೈ ಇಡಬೇಕು. ಕೋಚ್ "ಸಾಕು" ಎನ್ನುವವರೆಗೆ ಆ ಕೈ ತೆಗೆಯುವಂತಿಲ್ಲ.

"ಇದು ಕಬಡ್ಡಿಯಾ, ತೊಟ್ಟಿಲು ತೂಗುವುದಾ?" ಎಂದು ಝುಬೈರ್ ಎಲ್ಲರೆದುರೇ ಕೇಳಿದ.

ಕುಂಞಾಕನಿಗೆ ಸಿಟ್ಟು ಬರಲಿಲ್ಲ. "ಊರಲ್ಲಿ ಗದ್ದೆಯ ಮಣ್ಣು, ಬಿದ್ದರೆ ಅಮ್ಮನ ಹಾಗೆ ಹಿಡ್ಕೊಳ್ತದೆ. ಇಲ್ಲಿ ಮರಳಿನಡಿ ಕಲ್ಲು," ಎಂದರು. "ಮತ್ತೆ, ಶನಿವಾರ ಡ್ಯೂಟಿ ಉಂಟಲ್ಲ. ನಿನಗೂ ಉಂಟು, ನೀನು ಬೀಳಿಸಿದವನಿಗೂ ಉಂಟು."

*

ಮಸೀದಿಯ ಹೊರಗೆ, ಬೇವಿನ ಮರದ ನೆರಳಿನಲ್ಲಿ ಹಳೆಯ ಟೀಮು ತಾನಾಗಿಯೇ ಒಂದು ಕಡೆ ಸೇರಿತ್ತು. ಅಬ್ಬಾಸ್ ಎಲ್ಲರಿಗೂ ನೀರಿನ ಬಾಟಲಿ ಹಂಚುತ್ತಿದ್ದ. ಆಗ ಕಡ್ಡಿಯ ಹಾಗಿದ್ದ ಅಬ್ಬಾಸನಿಗೆ ಈಗ ಮತ್ರಾದಲ್ಲಿ ಸ್ವಂತ ಅಂಗಡಿ, ಅಂಗಡಿಗೆ ತಕ್ಕ ಹೊಟ್ಟೆ.

"ನನ್ನನ್ನು ಎಷ್ಟು ಸಲ ನೆಲಕ್ಕೆ ಮಲಗಿಸಿದ್ದಾರೆ ನಮ್ಮ ಕುಂಞಾಕ," ಎಂದ ಸುಕೇಶ. ರೈಡರ್ ಆಗಿದ್ದ ಅವನೇ ಅಭ್ಯಾಸಕ್ಕೆ ಎಲ್ಲರ ಕೈಗೆ ಸಿಗುವ ಗೋಣಿ. "ಆಕಾಶ ನೋಡ್ತಾ ಮಲಗೋದು, ತಲೆಯಡಿ ಯಾರದಾದ್ರೂ ಒಂದು ಕೈ. ಇವರು ಬೇಕಂತಲೇ ಸಾಕು ಅನ್ಲಿಕ್ಕೆ ತಡ ಮಾಡ್ತಿದ್ರು. ಒಮ್ಮೆ ನನಗೆ ನಿದ್ರೆಯೇ ಬಂದಿತ್ತು."

"ಬಂದಿತ್ತು, ಗೊರಕೆ ಹೊಡೆದಿದ್ದೆ," ಎಂದ ಅಬ್ಬಾಸ್. "ಕೈ ಇಟ್ಟವ ನಾನು. ನನ್ನ ಬೆರಳೆಲ್ಲ ಜೋಮು ಹಿಡಿದಿತ್ತು."

ಎಲ್ಲರೂ ನಕ್ಕರು. ನಕ್ಕ ಮೇಲೆ ಮಸೀದಿಯ ಬಾಗಿಲ ಕಡೆ ನೋಡಿದರು. ಆ ಶುಕ್ರವಾರಗಳು, ಆಟ ಮುಗಿದ ಮೇಲೆ ಮೈಯೆಲ್ಲ ಮರಳು ಮೆತ್ತಿಕೊಂಡೇ ಕುಡಿಯುತ್ತಿದ್ದ ಚಹಾ, ಒಂದೇ ಪರೋಟಕ್ಕೆ ನಾಲ್ಕು ಕೈ. ಅದೆಲ್ಲ ಎಷ್ಟು ಸುಖವಾಗಿತ್ತು ಎಂದು ಆಗ ಒಬ್ಬರಿಗೂ ತಿಳಿದಿರಲಿಲ್ಲ.

ಅಫ್ರಾಜ್ ಬಂದು ಝುಬೈರನ ಪಕ್ಕ ನಿಂತ. "ಅಂಕಲ್, ಖಬರಿಗೆ ಇಳಿಯೋದು ನಾವು ಮೂರು ಜನವಂತೆ. ನೀವು, ನಾನು, ಅಬ್ಬಾಸ್ ಅಂಕಲ್. ಐ ಹ್ಯಾವ್ ನೆವರ್ ಡನ್ ದಿಸ್. ಕೈ ಜಾರಿದ್ರೆ?"

ಝುಬೈರನಿಗೂ ಅದೇ ಭಯ. ಅದನ್ನು ಮಗನ ಹತ್ತಿರ ಹೇಳುವುದು ಹೇಗೆ? "ನನ್ನ ಬಲಗೈ ಏಳುವುದಿಲ್ಲ ಅಫ್ರಾಜ್. ಬೇರೆ ಯಾರಿಗಾದ್ರೂ ಹೇಳುವಾ," ಎಂದ.

"ಇಲ್ಲ. ಉಪ್ಪ ನಿಮ್ಮ ಹೆಸರೇ ಹೇಳಿದ್ದು," ಎಂದು ಹುಡುಗ ಅಲ್ಲೇ ನಿಂತ.

*

ಆ ವರ್ಷದ ಟೂರ್ನಮೆಂಟಿನ ಫೈನಲಿಗೆ ಮುಂಚಿನ ಶುಕ್ರವಾರ ಝುಬೈರನಿಗೆ ತಡೆಯಲಾಗಲಿಲ್ಲ. ಸುಕೇಶ ರೈಡಿಗೆ ಬಂದಾಗ ಮೊದಲಿನ ಹಾಗೆಯೇ ಹಾರಿದ. ಸುಕೇಶ ಬಿದ್ದು ಸ್ವಲ್ಪ ಹೊತ್ತು ಏಳಲಿಲ್ಲ. ಎದ್ದಾಗ ತನ್ನ ಟೀಮು ಯಾವ ಕಡೆ ಎಂದು ಕೇಳಿದ. ರಸ್ತೆಯಲ್ಲಿ ಶಿಳ್ಳೆ ಇನ್ನೂ ನಿಂತಿರಲಿಲ್ಲ.

ಫೈನಲಿನಲ್ಲಿ ಕುಂಞಾಕ ಝುಬೈರನನ್ನು ಹೊರಗೆ ಕೂರಿಸಿದರು. ಟೀಮು ಕೂದಲೆಳೆಯಲ್ಲಿ ಸೋತಿತು. ಎಲ್ಲರ ಕಣ್ಣೂ ಕೋಚಿನ ಮೇಲೆ.

"ನಾನಿದ್ದರೆ ಗೆಲ್ತಿದ್ದೆವು," ಎಂದ ಝುಬೈರ್.

"ಗೆಲ್ತಿದ್ದೆವು," ಎಂದು ಅವರು ಒಪ್ಪಿಕೊಂಡರು. ಅದೇ ಅವನಿಗೆ ಹೆಚ್ಚು ಸಿಟ್ಟು ತರಿಸಿತು. ಆ ಹೊತ್ತೇ ಬೇರೆ ಟೀಮಿಗೆ ಹೋದ.

ಅಲ್ಲಿ ಅವನಿಗೆ ಯಾರ ಅಡ್ಡಿಯೂ ಇರಲಿಲ್ಲ. ಮಳೆಗಾಲವಿಲ್ಲದ ಊರಿನ ಗಟ್ಟಿ ನೆಲ, ಒಂದು ಸಂಜೆ ಹಾರಿದವನು ಬಲಭುಜದ ಮೇಲೆಯೇ ಬಿದ್ದ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಕುಂಞಾಕ ಫ್ಲಾಸ್ಕಿನಲ್ಲಿ ಗಂಜಿ ತಂದರು. ಬೈಯುತ್ತಾರೆ ಎಂದು ಝುಬೈರ್ ಗೋಡೆ ಕಡೆ ಮುಖ ಮಾಡಿದ. ಅವರು ಬೈಯಲಿಲ್ಲ. ಅವನ ಬೆನ್ನಿನಡಿ ಕೈ ಕೊಟ್ಟು ಕೂರಿಸಿ, ಗಂಜಿ ಕುಡಿಸಿ, ಹೊರಡುವಾಗ ಒಂದೇ ಮಾತು ಕೇಳಿದರು.

"ಶನಿವಾರ ಡ್ಯೂಟಿಗೆ ಎಂತ ಮಾಡ್ತಿ?"

ಮರುದಿನ ಅವರೇ ಅವನಿಗೆ ವೀಸಾ ಕೊಟ್ಟಿದ್ದ ಧಣಿ, ಕಫೀಲನ ಬಾಗಿಲಿಗೆ ಹೋದರು. ಅರೆಬರೆ ಅರಬ್ಬಿಯಲ್ಲಿ ಏನು ಹೇಳಿದರೋ, ಊರಿಗೆ ಕಳಿಸುತ್ತೇನೆ ಎನ್ನುತ್ತಿದ್ದ ಕಫೀಲ್ ಝುಬೈರನನ್ನು ಪೈಂಟ್ ಅಂಗಡಿಯ ಕೌಂಟರಿಗೆ ಹಾಕಿದ. ಆ ಕೌಂಟರಿನಿಂದಲೇ ಅವನ ಮದುವೆ, ಮಕ್ಕಳ ಶಾಲೆ, ಊರಿನ ಮನೆ ಎಲ್ಲ ಆಯಿತು. ಪ್ರತಿ ಹಬ್ಬಕ್ಕೂ ಕುಂಞಾಕನ ಮನೆಗೆ ಹೋಗುತ್ತಿದ್ದ, ಬಿರಿಯಾನಿ ತಿಂದು ಬರುತ್ತಿದ್ದ. ನೀವು ಹೇಳಿದ್ದು ಸರಿ ಎಂಬ ಒಂದು ಮಾತು ಮಾತ್ರ ಬಾಯಿಂದ ಬರಲೇ ಇಲ್ಲ. ನಾಚಿಕೆ. ಮುಂದಿನ ಹಬ್ಬಕ್ಕೆ ಹೇಳಿದರಾಯಿತು ಎಂದು ಪ್ರತಿ ಸಲವೂ ಎದ್ದು ಬರುತ್ತಿದ್ದ. ಅಂಕಣದ ಕಡೆಯಂತೂ ಮತ್ತೆ ಕಾಲಿಡಲಿಲ್ಲ.

*

ಅಮರಾತಿನಲ್ಲಿ ಸುತ್ತಲೂ ಬೋಳು ಗುಡ್ಡ. ಅಗೆದಿಟ್ಟ ಖಬರಿನ ಪಕ್ಕ ಮಣ್ಣಿಗಿಂತ ಜಲ್ಲಿಯೇ ಹೆಚ್ಚಿತ್ತು. ಮೂವರೂ ಚಪ್ಪಲಿ ಬಿಟ್ಟು ಒಳಗಿಳಿದರು. ಕಾಲಿನ ಕಡೆ ಅಬ್ಬಾಸ್, ನಡುವಿಗೆ ಅಫ್ರಾಜ್, ತಲೆಯ ಕಡೆ ಝುಬೈರ್. ಸುಕೇಶ ಮೇಲೆ, ಜನರ ಹಿಂದೆ ನಿಂತಿದ್ದ. ಬಿಳಿ ದಾಡಿಯ ಹಿರಿಯರೊಬ್ಬರು ಅವನನ್ನು ಕೈ ಹಿಡಿದು ಮುಂದೆ ತಂದು ಅಂಚಿನಲ್ಲಿ ನಿಲ್ಲಿಸಿದರು.

ಬಿಳಿ ಕಫನ್ ಸುತ್ತಿದ ಮಯ್ಯತ್ತನ್ನು ಮೇಲಿನವರು ಬಾಗಿ ಕೆಳಗೆ ಬಿಡತೊಡಗಿದರು. ಝುಬೈರ್ ಎರಡೂ ಕೈ ಎತ್ತಿದ. ಎಡಗೈ ಹೋಯಿತು. ಬಲಗೈ ಭುಜದ ಮಟ್ಟದಲ್ಲೇ ನಿಂತುಬಿಟ್ಟಿತು. ಭುಜದೊಳಗೆ ಸೂಜಿ ಆಡಿದಂತಾಯಿತು. ಒಂದು ಕ್ಷಣ, ಇಲ್ಲ, ಇದು ನನ್ನಿಂದಾಗುವುದಿಲ್ಲ, ಇವರನ್ನು ನಾನು ಬೀಳಿಸುತ್ತೇನೆ ಎಂದು ಅವನಿಗೆ ಖಾತ್ರಿಯಾಯಿತು.

"ಅಂಕಲ್," ಎಂದ ಅಫ್ರಾಜ್, ಅಳುವ ದನಿಯಲ್ಲಿ.

ಆ ದನಿ ಕೇಳಿದ್ದೇ ಝುಬೈರನ ಬಾಯಿಂದ ತಾನಾಗಿ ಮಾತು ಬಂತು. "ನನ್ನ ಮಣಿಕಟ್ಟು ಹಿಡಿ. ಅಬ್ಬಾಸನದ್ದೂ ಹಿಡಿ. ಗಟ್ಟಿ." ಹುಡುಗ ಹಿಡಿದ. ಮಯ್ಯತ್ತಿನಡಿ ಮೂವರ ಕೈಗಳು ಒಂದೇ ಸರಪಳಿಯಾದವು. "ಭುಜದಲ್ಲಿ ಎತ್ತಬೇಡ. ತಲೆ ಪಕ್ಕಕ್ಕೆ ಮಾಡು. ಈಗ ಮಂಡಿ ಬಗ್ಗಿಸು. ನಿಧಾನ. ಇನ್ನೂ ನಿಧಾನ."

ಬಿಸ್ಮಿಲ್ಲಾ ಎಂದು ಮೇಲೆ ದನಿಗಳು ಎದ್ದವು. ಭಾರ ಕೈಗೆ ಬಂತು. ಇಷ್ಟೇ ಭಾರವೇ ಇವರು ಎನಿಸಿತು ಝುಬೈರನಿಗೆ. ಮೂವರೂ ಒಟ್ಟಿಗೆ ಕುಕ್ಕರಿಸಿದರು. ಅಬ್ಬಾಸನ ದೊಡ್ಡ ಹೊಟ್ಟೆಯೂ ಅಡ್ಡ ಬರಲಿಲ್ಲ. ಕಾಲು ನೆಲಕ್ಕೆ ಬಂತು, ಸೊಂಟ ಬಂತು, ಭುಜ ಬಂತು. ಬಲಮಗ್ಗುಲಿಗೆ ತಿರುಗಿಸಿ, ಗಂಟು ಬಿಚ್ಚಿ, ಮುಖವನ್ನು ಮೆಕ್ಕಾದ ದಿಕ್ಕಿಗೆ, ಕಿಬ್ಲಾದ ಕಡೆ ಮಾಡಿದರು. ಕೆನ್ನೆಯ ಮತ್ತು ಮಣ್ಣಿನ ನಡುವೆ ಈಗ ಇದ್ದದ್ದು ಝುಬೈರನ ಬಲ ಅಂಗೈ ಮಾತ್ರ. ಅದರಡಿ ಜಲ್ಲಿಯ ಮೊನೆ ಚುಚ್ಚುತ್ತಿತ್ತು.

"ಖಲಾಸ್. ಕೈ ತೆಗೀರಿ," ಎಂದರು ಮೇಲಿನಿಂದ.

ಝುಬೈರ್ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ಅಂಗೈಯ ಸುತ್ತ ತಡಕಾಡಿ ಜಲ್ಲಿಕಲ್ಲುಗಳನ್ನು ಒಂದೊಂದಾಗಿ ಹೆಕ್ಕಿ ಪಕ್ಕಕ್ಕಿಟ್ಟ. ನಯವಾದ ಮಣ್ಣು ಎಳೆದು ಕೆನ್ನೆಯಡಿ ತುಂಬಿದ. ಅದಾದ ಮೇಲೆಯೂ ಕೈ ಅಲ್ಲೇ ಇತ್ತು.

"ಯಲ್ಲಾ, ಹೊತ್ತಾಯ್ತು," ಎಂದು ಇನ್ನೊಬ್ಬರು ಹೇಳಿದರು.

ಅಫ್ರಾಜನಿಗೆ ಅರ್ಥವಾಗಲಿಲ್ಲ. ಅಬ್ಬಾಸನಿಗೆ ಆಯಿತು. ಅವನು ಕತ್ತೆತ್ತಿ ಅಂಚಿನಲ್ಲಿ ನಿಂತಿದ್ದ ಸುಕೇಶನನ್ನು ನೋಡಿದ.

ಸುಕೇಶ ಸ್ವಲ್ಪ ಹೊತ್ತು ತಡೆದ. ಕುಂಞಾಕ ತಡೆಯುತ್ತಿದ್ದಷ್ಟೇ ಹೊತ್ತು. ಆಮೇಲೆ, ಅವರು ಹೇಳುತ್ತಿದ್ದ ಹಾಗೆಯೇ ಮೆಲ್ಲಗೆ ಹೇಳಿದ.

"ಸಾಕು."

ಝುಬೈರ್ ಬೆರಳುಗಳನ್ನು ಒಂದೊಂದಾಗಿ ಸರಿಸುತ್ತ ಕೈ ಎಳೆದುಕೊಂಡ. ತಲೆ ಮಣ್ಣಿಗೆ ತಾಗಿದ ಸದ್ದು ಯಾರಿಗೂ ಕೇಳಿಸಲಿಲ್ಲ.